ಬಾಟಲಿಯಲ್ಲಿದ್ದ ನೆಟ್ಟನೆಯ ಸೂಜಿ

‘ಹೊಟ್ಟೆ ಕೊಯ್ಯದೇ ಸೂಜಿ ತೆಗೆದ ಪುಣ್ಯಾತ್ಮ.’ ಆ ಡಾಕ್ಟರು ತೀರಿಕೊಂಡ ಮೇಲೆ ಹೊಸಪೇಟೆಯಲ್ಲಿ ಯಾರ ಬಾಯಲ್ಲಿ ಕೇಳಿದರೂ ಇದೊಂದೇ ವಾಕ್ಯ. ಅವರ ನೆನಪಿಗೆ ಸಂಚಿಕೆಯೊಂದನ್ನು ತರುತ್ತಾರಂತೆ. ಸೂಜಿಯ ಪ್ರಸಂಗವನ್ನು ನಾನೇ ಬರೆದುಕೊಡಬೇಕಂತೆ, ಯಾಕೆಂದರೆ ಆ ಹೊಟ್ಟೆ ನಮ್ಮ ಅವ್ವನದು. ಕೇಳಲು ಬಂದ ಹಿರಿಯರು ಚಹಾ ಕುಡಿದು ಏಳುತ್ತಾ, “ಭಾಳ ಉದ್ದ ಬ್ಯಾಡವ್ವ. ಓದಿದೋರ ಕಣ್ಣಾಗ ನೀರು ಬರಂಗ ಬರಿ ಸಾಕು” ಎಂದು ಹೇಳಿ ಹೋದರು. ಬರೆಯುತ್ತಿದ್ದೇನೆ. ಕಣ್ಣೀರಿನ ಭರವಸೆ ಮಾತ್ರ ಕೊಡಲಾರೆ.

ಮೊದಲು ಆ ವಾಕ್ಯವನ್ನೇ ತೆಗೆದುಕೊಳ್ಳೋಣ. ಕೊಯ್ಯದೇ ಅನ್ನುತ್ತಾರೆ. ಅವ್ವನ ಹೊಟ್ಟೆಯ ಮೇಲೆ ಮೂರು ಗಾಯದ ಗುರುತುಗಳಿವೆ. ಹೊಕ್ಕುಳ ಪಕ್ಕದ್ದು ನನ್ನ ಕಿರುಬೆರಳಿನಷ್ಟು ಅಗಲ. ಚಿಕ್ಕದಾಗಿ ಕೊಯ್ದರೆ ಕೊಯ್ದಂತಲ್ಲ ಅನ್ನುವುದು ಯಾವ ನ್ಯಾಯ? ಇರಲಿ, ಅದು ಸಣ್ಣ ತಕರಾರು. ದೊಡ್ಡ ತಕರಾರು ಇರುವುದು ‘ಸೂಜಿ ತೆಗೆದ’ ಅನ್ನುವಲ್ಲಿ. ಅವರು ನಿಜಕ್ಕೂ ಸೂಜಿ ತೆಗೆದರೋ, ಇಲ್ಲಾ ಒಳಗೆ ಇಲ್ಲದ ಸೂಜಿಗಾಗಿ ಅವ್ವನ ಹೊಟ್ಟೆಗೆ ಮೂರು ತೂತು ಹಾಕಿದರೋ? ಇಷ್ಟು ವರ್ಷ ನಾನು ಬಿಡದೆ ಹಿಡಿದುಕೊಂಡು ಬಂದಿರುವ ಪ್ರಶ್ನೆ ಇದೊಂದೇ. ಪುಣ್ಯಾತ್ಮನೋ ಅಲ್ಲವೋ ಎಂಬುದು ಇದರ ಉತ್ತರ ಸಿಕ್ಕಮೇಲಿನ ಮಾತು.

ಅವರನ್ನು ನಾನು ಮೊದಲು ನೋಡಿದ್ದು ಆಸ್ಪತ್ರೆಯಲ್ಲಲ್ಲ, ಚರ್ಚಾಸ್ಪರ್ಧೆಯ ವೇದಿಕೆಯ ಮೇಲೆ. ಹೊಸಪೇಟೆಯ ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಎ. ಓದುತ್ತಿದ್ದೆ. ಊರ ತುಂಬ ಅದಿರಿನ ಲಾರಿಗಳ ಕಾಲ ಅದು. ವಿಷಯವೂ ಅದೇ, ಗಣಿಗಾರಿಕೆ ನಮ್ಮ ಸೀಮೆಗೆ ಒಳಿತೋ ಕೆಡುಕೋ ಎಂದು. ಕೆಡುಕೆಂದು ವಾದಿಸಿದೆ. ಬಹುಮಾನದ ಷೀಲ್ಡು ಕೊಟ್ಟಿದ್ದು ಗಣಿಯ ಧಣಿ, ತೀರ್ಪು ಕೊಟ್ಟಿದ್ದು ಈ ಡಾಕ್ಟರು. ನನಗೆ ಎರಡನೆಯ ಸ್ಥಾನ. ಮೈಕಿನಲ್ಲಿ ಅವರು ನನ್ನ ಬಗ್ಗೆ ಆಡಿದ ಮಾತು ಇನ್ನೂ ಬಾಯಿಪಾಠವಿದೆ: “ಮಾತು ಚೂಪೈತಿ. ಆದ್ರ ಒಳಗ ಏನೈತಿ ಅಂತ ನೋಡದ ಚುಚ್ತಾಳ.” ಸಭೆ ನಕ್ಕಿತು. ಆವತ್ತಿನಿಂದ ನಾನು ಅವರ ಪಾಲಿಗೆ ವಕೀಲಮ್ಮ.

ಸೋತದ್ದಕ್ಕೆ ಹಗೆ ಸಾಧಿಸುತ್ತಿದ್ದಾಳೆ ಎನ್ನುವವರು ಇಲ್ಲೇ ಎದ್ದು ಹೋಗಬಹುದು. ಉಳಿದವರು ಆ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸ್ಪರ್ಧೆ ಮುಗಿದ ಮೇಲೆ ಗೆದ್ದವರನ್ನೂ ತೀರ್ಪುಗಾರರನ್ನೂ ಹಂಪಿ ತೋರಿಸಲು ಕರೆದೊಯ್ದರು. ದಾರಿಯಲ್ಲಿ ಕಡ್ಡಿರಾಂಪುರದ ರಸ್ತೆ ಬದಿಯ ಹೋಟೆಲಿನಲ್ಲಿ ಮಿರ್ಚಿ, ಮಂಡಕ್ಕಿ. ಡಾಕ್ಟರು ಮೊದಲು ಬಿಳಿಯ ಬೂಟಿನ ಮೇಲೆ ಕೂತಿದ್ದ ಕೆಂಪು ಧೂಳನ್ನು ಕರವಸ್ತ್ರದಿಂದ ಒರೆಸಿದರು. ಆ ಊರಿನಲ್ಲಿ, ಆ ಕಾಲದಲ್ಲಿ ಬಿಳಿಯ ಬೂಟು ಹಾಕುತ್ತಿದ್ದ ಮನುಷ್ಯ ಅವರೊಬ್ಬರೇ. ದಿನಕ್ಕೆ ಇಪ್ಪತ್ತು ಸಲ ಒರೆಸುತ್ತಿದ್ದರೇ ಹೊರತು ಬಣ್ಣ ಬದಲಿಸಲಿಲ್ಲ. ಆಮೇಲೆ ಎರಡು ಕಡ್ಡಿ ತರಿಸಿ, ಬಿಸಿ ಮಿರ್ಚಿಗೆ ಸಣ್ಣದೊಂದು ತೂತು ಮಾಡಿ, ಹಿಟ್ಟಿನ ಕವಚ ಒಡೆಯದಂತೆ ಒಳಗಿನ ಮೆಣಸಿನಕಾಯಿಯನ್ನು ಮೆಲ್ಲಗೆ ಹೊರಗೆಳೆದು ತಟ್ಟೆಯ ಮೇಲಿಟ್ಟರು. “ಇದನ್ನ ದುರ್ಬೀನು ಆಪರೇಷನ್ ಅಂತಾರ, ತಿಳೀತಾ?” ಸುತ್ತ ಕೂತವರು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಕೈ ಅಷ್ಟು ಹಗುರಾಗಿತ್ತು, ಅದನ್ನು ಅಲ್ಲಗಳೆಯಲಾರೆ. ಮಿರ್ಚಿಯೊಳಗೆ ಮೆಣಸಿನಕಾಯಿ ಇದ್ದೇ ಇರುತ್ತದೆ ಎಂಬುದು ಆವತ್ತು ನನಗೆ ಹೊಳೆಯಲಿಲ್ಲ.

ಅವರ ಆಸ್ಪತ್ರೆಯ ಹಜಾರದಲ್ಲಿ, ದೇವರ ಫೋಟೋಗಳಿರಬೇಕಾದ ಕಡೆ, ಒಂದು ಗಾಜಿನ ಕಪಾಟು. ಜನರ ಹೊಟ್ಟೆಯಿಂದ ತೆಗೆದದ್ದನ್ನೆಲ್ಲ ಪುಟ್ಟ ಬಾಟಲಿಗಳಲ್ಲಿ ಹಾಕಿ, ಊರ ಹೆಸರಿನ ಚೀಟಿ ಅಂಟಿಸಿ ಸಾಲಾಗಿ ನಿಲ್ಲಿಸಿದ್ದರು. ಅರ್ಧ ಹಲ್ಲಿನ ಸೆಟ್ಟು, ಬಟ್ಟೆಪಿನ್ನು, ವಡ್ಡು ಊರಿನ ಲಾರಿ ಡ್ರೈವರೊಬ್ಬ ಗೆಳೆಯರ ಜೊತೆ ಪಂಥ ಕಟ್ಟಿ ನುಂಗಿದ್ದ ನಟ್ಟು. ಹೊಸ ಪೇಷಂಟು ಬಂದರೆ ಕೈ ಹಿಡಿದು ಕಪಾಟಿನ ಮುಂದೆ ನಿಲ್ಲಿಸಿ, ಪೆನ್ನಿನ ತುದಿಯಿಂದ ಬಾಟಲಿ ತಟ್ಟುತ್ತಾ ಒಂದೊಂದರ ಕಥೆ ಹೇಳುತ್ತಿದ್ದರು. ಕಥೆಯ ಕೊನೆಗೆ ಯಾವಾಗಲೂ ಅದೇ ಮಾತು: “ಹೊಟ್ಟಿ ಸುಳ್ಳು ಹೇಳಂಗಿಲ್ಲ. ಬಾಯಿ ಹೇಳ್ತೈತಿ.”

ಒಂದು ಬಾಟಲಿಗೆ ಮಾತ್ರ ನಾನು ತಲೆಬಾಗುತ್ತೇನೆ. ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ದುಡಿಯುವ ಹೆಂಗಸೊಬ್ಬಳಿಗೆ, ಮಕ್ಕಳಾಗದಿರಲೆಂದು ಹಾಕಿದ್ದ ವಂಕಿ ಗರ್ಭಕೋಶ ತೂರಿ ಹೊಟ್ಟೆಯೊಳಕ್ಕೆ ಜಾರಿತ್ತು. ಎರಡು ವರ್ಷ ನೋವೆಂದು ಅಲೆದಳು. ಕೆಲಸ ತಪ್ಪಿಸಲು ನಾಟಕ ಎಂದು ಮನೆಯವರೇ ಬೈದರು. ಇವರು ಎಕ್ಸರೇ ಪ್ಲೇಟು ತೆಗೆಸಿ ವಂಕಿ ಎಲ್ಲಿದೆಯೆಂದು ತೋರಿಸಿ, ಹೊರಗೆ ತೆಗೆದು, ಅವಳ ಗಂಡನ ಅಂಗೈ ಮೇಲಿಟ್ಟರು. ಅವಳನ್ನು ನಾನೇ ಹೋಗಿ ಮಾತಾಡಿಸಿ ಬಂದಿದ್ದೇನೆ. ಡಾಕ್ಟರ ಮಾತು ಬಂದರೆ ಸಾಕು, ಈಗಲೂ ಸೆರಗು ಕಣ್ಣಿಗೆ ಒತ್ತುತ್ತಾಳೆ. ಆ ಕೇಸು ಅವರದು. ನಮ್ಮ ಕೇಸು ಬೇರೆ.

ಅವ್ವ ನಮ್ಮೂರು ಬಂಡ್ರಿಯಲ್ಲಿ ಕೌದಿ ಹೊಲಿಯುತ್ತಿದ್ದಳು. ಹಳೇ ಸೀರೆ, ಧೋತರಗಳನ್ನು ಒಂದರ ಮೇಲೊಂದು ಹಾಸಿ, ಸಾಲು ಸಾಲಾಗಿ ದಾರ ಓಡಿಸಿ ಹೊದಿಕೆ ಮಾಡುವ ಕೆಲಸ. ಕೌದಿಯ ಸೂಜಿ ಉದ್ದ, ದಪ್ಪ. ಒಂದೇ ಸೂಜಿಯಲ್ಲಿ ವರ್ಷಗಟ್ಟಲೆ ಹೊಲಿದರೆ ಅದು ಹೊಲಿಯುವವಳ ಬೆರಳಿಗೆ ತಕ್ಕಂತೆ ಬಾಗುತ್ತದೆ, ಕಪ್ಪಾಗುತ್ತದೆ. ಆಮೇಲೆ ಅದು ಇನ್ನೊಬ್ಬರ ಕೈಗೆ ಒಗ್ಗುವುದಿಲ್ಲ. ಹಾಗಾಗಿ ಈ ಹೆಂಗಸರು ಉಪ್ಪು, ಸಕ್ಕರೆ ಕಡ ಕೊಟ್ಟಾರು, ಸೂಜಿ ಕೊಡರು. ಬಟ್ಟೆಯ ಪದರ ಸರಿಮಾಡಲು ಎರಡೂ ಕೈ ಬೇಕಾದಾಗ ಸೂಜಿ ತುಟಿಗಳ ನಡುವೆ ಹೋಗುತ್ತದೆ. ನೆಲದ ಮೇಲಿಟ್ಟರೆ ಮಕ್ಕಳ ಕಾಲಿಗೆ ಚುಚ್ಚೀತೆಂದು ಅವರ ಹೆದರಿಕೆ. ಹೊಟ್ಟೆಗೆ ಹೋದೀತೆಂಬ ಹೆದರಿಕೆ ಮಾತ್ರ ಯಾರಿಗೂ ಇಲ್ಲ.

ಒಂದು ಸೋಮವಾರ ಮಧ್ಯಾಹ್ನ ಕಟ್ಟೆಯ ಮೇಲೆ ಹೀಗೇ ಕೂತಿದ್ದಾಗ ಅದಿರಿನ ಲಾರಿ ಹಾದುಹೋಯಿತು, ಧೂಳು ಎದ್ದಿತು, ಅವ್ವ ಸೀನಿದಳು. ಅಷ್ಟೇ.

ಅಪ್ಪ ಲಾರಿ ಡ್ರೈವರು. ಲೋಡು ಹೊತ್ತು ಬಂದರಿನ ದಾರಿ ಹಿಡಿದವನು ವಾರವಾದರೂ ಬಂದಿರಲಿಲ್ಲ. ಮರುದಿನ ಸೋದರಮಾವ ಅವ್ವನನ್ನು ಹೊಸಪೇಟೆಗೆ ಕರೆತಂದ, ನಾನು ಹಾಸ್ಟೆಲಿನಿಂದ ಓಡಿದೆ. ಎಕ್ಸರೇ ಪ್ಲೇಟನ್ನು ಬೆಳಕಿಗೆ ಹಿಡಿದಾಗ ಪಕ್ಕೆಲುಬಿನ ಕೆಳಗೆ ಸೂಜಿ ಎದ್ದು ಕಾಣುತ್ತಿತ್ತು, ಸ್ವಲ್ಪ ಬಾಗಿಕೊಂಡು. ಅದು ಕರುಳು ದಾಟಿ ಹೊರಗೆ ಬಂದು ಕೊಬ್ಬಿನಲ್ಲಿ ಸಿಕ್ಕಿಕೊಂಡಿದೆ, ಇನ್ನು ಎಲ್ಲಿಗೂ ಹೋಗುವುದಿಲ್ಲ, ಗುರುವಾರ ತೆಗೆಯೋಣ ಎಂದು ಡಾಕ್ಟರು ಹೇಳಿದರು. ಕರುಳಿನ ಒಳಗಿದೆಯೋ ಹೊರಗಿದೆಯೋ ಅಂತ ಈ ಕಪ್ಪು ಬಿಳುಪು ಪ್ಲೇಟಿನಲ್ಲಿ ಹೇಗೆ ಗೊತ್ತಾಗುತ್ತದೆ ಸಾರ್ ಎಂದೆ. ಅವರು ಮಾವನ ಕಡೆ ತಿರುಗಿ ನಕ್ಕರು. “ವಕೀಲಮ್ಮಗ ಪ್ಲೇಟ್ ಓದೂದನ್ನ ಕಾಲೇಜಿನ್ಯಾಗ ಕಲಿಸಿಲ್ಲ ಕಾಣ್ತದ.” ಮಾವನೂ ನಕ್ಕ. ನನ್ನ ತಲೆಗೆ ಮೊಟಕಿ, ದೊಡ್ಡೋರ ಮುಂದೆ ಬಾಯಿ ಬಿಗಿಹಿಡಿ ಎಂದ.

ಗುರುವಾರವೇ ಯಾಕೆ ಎಂಬುದು ಗುರುವಾರ ಗೊತ್ತಾಯಿತು. ದುರ್ಬೀನಿನ ಹೊಸ ಮಷೀನು ಧಣಿಯ ಕೊಡುಗೆ, ಆವತ್ತು ಧಣಿ ಬರುವವರಿದ್ದರು. ಒಳಗೆ ಕ್ಯಾಮೆರಾ ಕಂಡದ್ದನ್ನೆಲ್ಲ ಹೊರಗೆ ಜನ ನೋಡಲೆಂದು ಹಜಾರದಲ್ಲಿ ದೊಡ್ಡ ಟಿವಿ ಇಟ್ಟು ಅದಕ್ಕೂ ಒಂದು ಹಾರ ಹಾಕಿದ್ದರು. ಬಂಡ್ರಿಯಿಂದ ಮಾವ ಒಂದು ಟ್ರಾಕ್ಸು ತುಂಬ ನೆಂಟರನ್ನು ತಂದಿದ್ದ.

ಬೆಳಿಗ್ಗೆ ಸಿಸ್ಟರು ಅವ್ವನಿಗೆ ಎನಿಮಾ ಕೊಟ್ಟರು. ಅವ್ವ ಪಾಯಿಖಾನೆಯಿಂದ ಬರುವುದು ತಡವಾಗಿ, ಧಣಿ ಬಂದರು ಜಲ್ದಿ ಬಾ ಎಂದು ಮಾವ ಹೊರಗಿನಿಂದ ಕೂಗಿದ. ಬಂದವಳು ಸೀರೆಯೊಂದನ್ನು ಬಿಟ್ಟು ಮೈಮೇಲಿನದನ್ನೆಲ್ಲ ಬಿಚ್ಚಿ ನನ್ನ ಕೈಗೆ ಕೊಟ್ಟಳು: ತಾಳಿ, ಬಳೆ, ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಎಲೆ ಅಡಿಕೆಯ ಸಂಚಿ. “ಸಂಚಿ ಬಿಚ್ಚಬ್ಯಾಡ, ಅಡಿಕಿ ಚೆಲ್ತಾವು” ಎಂದಳು. ಥಿಯೇಟರಿನ ಬಾಗಿಲಲ್ಲಿ ಡಾಕ್ಟರು ನಿಂತಿದ್ದರು. ಅವ್ವ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಬಾಗಿ, ಅವರಿಗೆ ಏನೋ ಹೇಳಿದಳು. ಹಜಾರದ ಗದ್ದಲದಲ್ಲಿ ನನಗೆ ಕೇಳಲಿಲ್ಲ. ಅವರು ಅವಳ ಭುಜ ತಟ್ಟಿ, “ಏನೂ ಅಂಜಬ್ಯಾಡ್ರಿ ತಾಯಿ” ಎಂದು ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ ಹೇಳಿ ಒಳಗೆ ಕರೆದೊಯ್ದರು. ಆ ಬೆಳಿಗ್ಗೆ ಹೊಸ ಪ್ಲೇಟು ತೆಗೆಸಲಿಲ್ಲ. ಇದನ್ನು ಅಡಿಗೆರೆ ಎಳೆದು ಹೇಳುತ್ತಿದ್ದೇನೆ: ತೆಗೆಸಲಿಲ್ಲ. ಎರಡು ದಿನ ಹಿಂದಿನ ಪ್ಲೇಟನ್ನೇ ನಂಬಿದರು.

ಟಿವಿಯಲ್ಲಿ ಗುಲಾಬಿ ಬಣ್ಣ, ಹಳದಿ ಬಣ್ಣ, ಹಬೆಯಂಥದ್ದು, ಅದರ ನಡುವೆ ಎರಡು ಉಕ್ಕಿನ ಕೊಕ್ಕುಗಳು ಹುಡುಕುತ್ತಿದ್ದವು. ಹೊತ್ತು ಹೋಯಿತು. ಧಣಿಯ ಕಡೆಯವರು ಗಡಿಯಾರ ನೋಡಿಕೊಳ್ಳತೊಡಗಿದರು. ಆಗ ಇದ್ದಕ್ಕಿದ್ದಂತೆ ಪರದೆ ನೀಲಿಯಾಯಿತು. ವೈರು ಸಡಿಲಾಯಿತೆಂದು ಯಾರೋ ಹೇಳಿದರು. ವೈರು ಸರಿಹೋಗುವುದಕ್ಕೆ ಮೊದಲೇ ಡಾಕ್ಟರು ಬಾಟಲಿ ಹಿಡಿದು ಹೊರಗೆ ಬಂದರು. ಒಳಗೆ ಸೂಜಿ. ಚಪ್ಪಾಳೆ, ಹಾರ, ಫೋಟೋ.

ಸೂಜಿ ತೆಗೆದದ್ದನ್ನು ಟಿವಿಯಲ್ಲಿ ಕಣ್ಣಾರೆ ಕಂಡೆವು ಎಂದು ಇವತ್ತಿಗೂ ನೆಂಟರು ಆಣೆ ಹಾಕುತ್ತಾರೆ. ಒಬ್ಬೊಬ್ಬರನ್ನೇ ಕೂರಿಸಿ ಕೇಳಿದ್ದೇನೆ. ಒಬ್ಬನಿಗೆ ಸೂಜಿ ಕೆಂಪಗೆ ಕಂಡಿದೆ, ಒಬ್ಬಳಿಗೆ ದಾರ ಸಮೇತ ಕಂಡಿದೆ. ಮಾವನಿಗೆ ಮಾತ್ರ ಅದು ಮೀನಿನ ಹಾಗೆ ಹೊಳೆದಿದೆ. ಪರದೆ ನೀಲಿಯಾಗಿತ್ತಲ್ಲ ಮಾವ ಎಂದರೆ, “ಅದಕ್ಕ ಮೊದ್ಲ ಹೊಳೀತು. ನಿಂದೇನಲೇ ಪಿರಿಪಿರಿ? ನಿಮ್ಮವ್ವ ಬದುಕ್ಯಾಳಿಲ್ಲ?” ಅನ್ನುತ್ತಾನೆ. ಹೊಳೆದದ್ದು ಉಕ್ಕಿನ ಕೊಕ್ಕು ಎಂದರೆ ಅವನಿಗೆ ಕಿವಿ ಕೇಳುವುದಿಲ್ಲ.

ಮರುದಿನ ಡಾಕ್ಟರು ಬಾಟಲಿಯನ್ನು ಅವ್ವನ ಮುಖದ ಮುಂದೆ ಅಲ್ಲಾಡಿಸಿದರು. “ನೋಡ್ರಿ ತಾಯಿ, ನಿಮ್ಮ ಸೂಜಿ.” ಅವ್ವ ನೋಡಿದಳು. ನೋಡಿ, “ಇದು ನಂದಲ್ರೀ” ಎಂದಳು. ವಾರ್ಡಿನಲ್ಲಿದ್ದವರೆಲ್ಲ ನಕ್ಕರು. “ನಿಮ್ದಲ್ದಿದ್ರ ನಂದೇನ್ರವ್ವಾ?” ಎಂದು ಡಾಕ್ಟರೂ ನಕ್ಕರು. ನಗದೇ ಇದ್ದವರು ಅವ್ವ ಮತ್ತು ನಾನು. ಬಾಟಲಿಯ ಸೂಜಿ ಬೆಳ್ಳಗೆ ಹೊಳೆಯುತ್ತಿತ್ತು. ನೆಟ್ಟಗಿತ್ತು.

ಆಮೇಲೆ ತೆಗೆಸಿದ ಪ್ಲೇಟಿನಲ್ಲಿ ಸೂಜಿ ಇರಲಿಲ್ಲ. ಅದನ್ನೇ ಎಲ್ಲರೂ ನನ್ನ ಮುಖಕ್ಕೆ ಹಿಡಿಯುತ್ತಾರೆ: ಒಳಗಿಲ್ಲ ಅಂದಮೇಲೆ ಅವರೇ ತೆಗೆದರು ತಾನೇ? ಒಳಗಿಲ್ಲ ಎಂಬುದರಿಂದ ಒಳಗಿಲ್ಲ ಎಂದಷ್ಟೇ ಸಿದ್ಧವಾಗುತ್ತದೆ. ಯಾವಾಗ ಹೋಯಿತು, ಯಾವ ದಾರಿಯಿಂದ ಹೋಯಿತು ಎಂಬುದು ಸಿದ್ಧವಾಗುವುದಿಲ್ಲ.

ಇದು ಬರಿಯ ವಾದದ ಮಾತಾಗಿದ್ದರೆ ಆವತ್ತೇ ಬಿಟ್ಟುಬಿಡುತ್ತಿದ್ದೆ. ಕೆಲವು ತಿಂಗಳಿಗೆ ಹೊಕ್ಕುಳ ಪಕ್ಕದ ತೂತಿನ ಜಾಗ ಉಬ್ಬಿತು. ಕೆಮ್ಮಿದರೆ ನಿಂಬೆಹಣ್ಣಿನಷ್ಟು ಗಂಟು ಹೊರಗೆ ಬರುತ್ತಿತ್ತು. ಈ ಡಾಕ್ಟರ ಬಳಿ ಹೋದರೆ ಗ್ಯಾಸು ಎಂದು ಮಾತ್ರೆ ಬರೆದರು. ಅವ್ವ ಹೊಟ್ಟೆಗೆ ಬಟ್ಟೆ ಬಿಗಿದುಕೊಂಡು ಮನೆಗೆಲಸ ಮಾಡಿದಳು. ಆದರೆ ಕಾಲು ಚಾಚಿ, ಬಗ್ಗಿ ಕೂತು ಕೌದಿ ಹೊಲಿಯುವುದು ಆಗಲಿಲ್ಲ. ಅರ್ಧ ಹೊಲಿದ ಮೂರು ಕೌದಿಗಳು ಟ್ರಂಕಿನ ತಳ ಸೇರಿದವು. ಕೊನೆಗೆ ಬಳ್ಳಾರಿಯಲ್ಲಿ ಬೇರೊಬ್ಬ ಡಾಕ್ಟರು ಅದನ್ನು ಹರ್ನಿಯಾ ಎಂದು ಗುರುತಿಸಿ ಸರಿಮಾಡಿದರು. ಹಳೆಯ ಕಥೆಯನ್ನು ಕೇಳಿ ಅವರು ಹಾಕಿದ್ದು ಒಂದೇ ಪ್ರಶ್ನೆ: ಆಪರೇಷನ್ ದಿನ ಬೆಳಿಗ್ಗೆ ಮತ್ತೊಮ್ಮೆ ಪ್ಲೇಟು ತೆಗೆಸಿದ್ದರೇ? ಇಲ್ಲ ಎಂದೆ. ನುಂಗಿದ ವಸ್ತು ಗಂಟೆ ಗಂಟೆಗೂ ಜಾಗ ಬದಲಿಸುತ್ತದೆ ಎಂದಷ್ಟೇ ಹೇಳಿ ಬರೆಯುವುದನ್ನು ಮುಂದುವರಿಸಿದರು.

ಮೊದಲ ಪ್ಲೇಟನ್ನು ಕಂಕುಳಲ್ಲಿಟ್ಟುಕೊಂಡು ನಮ್ಮ ಡಾಕ್ಟರ ಮುಂದೆ ಹೋಗಿ ನಿಂತೆ. ಇದರಲ್ಲಿ ಬಾಗಿದೆ, ಬಾಟಲಿಯಲ್ಲಿ ನೆಟ್ಟಗಿದೆ, ಯಾಕೆ ಸಾರ್ ಎಂದು ಕೇಳಿದೆ. ಅವರು ಪ್ಲೇಟನ್ನು ತುಂಬ ಹೊತ್ತು ನೋಡಿದರು. ಕರವಸ್ತ್ರ ತೆಗೆದು ಬೂಟು ಒರೆಸಿದರು. ಧೂಳಿರಲಿಲ್ಲ. “ಎಳಿಯುವಾಗ ನೆಟ್ಟಗಾತು” ಎಂದರು. ಎಳೆಯುವಾಗ ಕಪ್ಪೂ ತೊಳೆದುಹೋಯಿತಾ ಎಂದೆ. ಈ ಸಲ ವಕೀಲಮ್ಮ ಎನ್ನಲಿಲ್ಲ. ಮುಂದಿನ ಪೇಷಂಟನ್ನು ಕಳಿಸಲು ಹೇಳಿದರು. ಇನ್ನೊಂದು ಸಲ ಆ ಕಡೆ ಹೋದಾಗ ಕಪಾಟಿನಲ್ಲಿ ‘ಬಂಡ್ರಿ’ ಎಂಬ ಚೀಟಿಯ ಬಾಟಲಿ ಇರಲಿಲ್ಲ. ನಟ್ಟು ಇತ್ತು, ವಂಕಿ ಇತ್ತು, ನಡುವೆ ಬಾಟಲಿಯ ಅಗಲದ ಜಾಗ ಖಾಲಿ ಇತ್ತು.

ನನ್ನ ವಾದ ಹೀಗೆ ನಿಂತಿತು: ಹಜಾರದ ತುಂಬ ಜನ ಸೇರಿದ್ದರು, ಒಳಗೆ ಸೂಜಿ ಸಿಗಲಿಲ್ಲ, ಇಲ್ಲ ಎನ್ನುವ ಧೈರ್ಯ ಆ ಬಿಳಿ ಬೂಟಿನ ಮನುಷ್ಯನಿಗೆ ಇರಲಿಲ್ಲ. ಒಳಗೆ ಏನಿದೆಯೆಂದು ನೋಡದೆ ಚುಚ್ಚಿದವರು ಯಾರು? ಮೈಕಿನ ಮುಂದೆ ನನಗೆ ಹೇಳಿದ ಮಾತನ್ನು ಅವರಿಗೇ ತಿರುಗಿಸಿ ಈ ಬರಹ ಮುಗಿಸಬೇಕೆಂದಿದ್ದೆ.

ಆ ಪ್ಲೇಟನ್ನು ಮತ್ತೊಮ್ಮೆ ನೋಡಿ ಬರೆಯೋಣವೆಂದು ಕಳೆದ ವಾರ ಬಂಡ್ರಿಗೆ ಹೋದೆ. ಅವ್ವ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದಳು. ಮಾವನ ಮೊಮ್ಮಗುವಿಗೆಂದು ಟ್ರಂಕಿನಿಂದ ಹಳೆಯ ಕೌದಿಯೊಂದನ್ನು ಹೊರಗೆ ತೆಗೆದು, ವರ್ಷಗಳ ಮೇಲೆ ಹೊಲಿಯಲು ಕೂತಿದ್ದಳು. ಸಂಚಿ ಬಿಚ್ಚಿ, ಒಳಗಿನ ಜೇಬಿನಿಂದ, ಬಟ್ಟೆಯ ಚೂರಿನಲ್ಲಿ ಸುತ್ತಿಟ್ಟಿದ್ದ ಸೂಜಿ ತೆಗೆದಳು. ಕಪ್ಪಗಿತ್ತು. ಬಾಗಿತ್ತು. ಒಳಗೆ ಹೋಗಿ ಪ್ಲೇಟು ತಂದು ಬಿಸಿಲಿಗೆ ಹಿಡಿದೆ. ಅದೇ ಬಾಗು.

ಇದು ಯಾವುದೆಂದು ಕೇಳಿದೆ. ತನ್ನದೇ ಎಂದಳು. ಯಾವಾಗ ಸಿಕ್ಕಿತು ಎಂದೆ.

“ಅವತ್ತ ಬೆಳಿಗ್ಗೆ. ಎನಿಮಾ ಕೊಟ್ರಲ್ಲ, ಆವಾಗ.” ಕಳೆದುಹೋದ ಬೀಗದಕೈ ಎಲ್ಲಿ ಸಿಕ್ಕಿತೆಂದು ಹೇಳುವ ದನಿ. “ಬಿಸಿನೀರಾಗ ತೊಳೆದಿಟ್ಟೆ. ಹೊಸಾ ಸೂಜಿ ಕೈಗೆ ಒಗ್ಗಂಗಿಲ್ಲವ್ವ. ನೀ ಎಲ್ಲಾರ್ನೂ ಕೇಳಿದಿ, ನನ್ನ ಕೇಳಲಿಲ್ಲ.”

ತೆಗೆದದ್ದು ಡಾಕ್ಟರಲ್ಲ ಎಂದು ಸಿದ್ಧವಾಯಿತು. ನಾನು ಗೆದ್ದೆ. ಗೆದ್ದ ಖುಷಿ ಒಂದು ಉಸಿರಿನಷ್ಟೂ ಉಳಿಯಲಿಲ್ಲ. ಆವತ್ತು ಸೂಜಿಯನ್ನು ಸಂಚಿಯಲ್ಲಿಟ್ಟು ನನ್ನ ಕೈಗೆ ಕೊಟ್ಟು ಅವ್ವ ಒಳಗೆ ನಡೆದಿದ್ದಳು. ಥಿಯೇಟರಿನ ಬಾಗಿಲಲ್ಲಿ, ಸೆರಗು ಅಡ್ಡ ಹಿಡಿದು, ಆ ಮನುಷ್ಯನಿಗೆ ಏನೋ ಹೇಳಿದ್ದಳು. ಸೂಜಿ ಬಂತೆಂದು ಹೇಳಿದ್ದರೆ, ಅವರು ಗೊತ್ತಿದ್ದೂ ಕೊಯ್ದರು. ಆಗ ನಾನು ಇಲ್ಲಿಯವರೆಗೆ ಆಡಿದ್ದೆಲ್ಲ ಕಡಿಮೆಯೇ. ಹೇಳದೇ ಇದ್ದರೆ? ಪಾಯಿಖಾನೆಯ ಮಾತನ್ನು ಗಂಡಸರ ಮುಂದೆ ಹೇಗೆ ಆಡುವುದೆಂದು, ಟ್ರಾಕ್ಸು ತುಂಬ ಬಂದ ಜನಕ್ಕೆ, ಹಾರ ಹಾಕಿಸಿಕೊಂಡ ಟಿವಿಗೆ ಅವಮಾನವಾದೀತೆಂದು ಸುಮ್ಮನೆ ಹೋಗಿ ಮಲಗಿದ್ದರೆ? ಆಗ ಅವರು ಪ್ಲೇಟು ತೆಗೆಸದ ಸೋಮಾರಿ, ಬಾಟಲಿಗೆ ಬೇರೆ ಸೂಜಿ ಹಾಕಿದ ಸುಳ್ಳುಗಾರ, ಅಷ್ಟೇ. ಅಷ್ಟೂ ಸಣ್ಣದಲ್ಲ. ಆದರೆ ಎರಡೂ ಒಂದೇ ಅಲ್ಲ.

ಅವ್ವ ಕೌದಿಯ ಪದರ ಎಳೆದು ಸರಿಮಾಡುತ್ತಿದ್ದಳು. ಎರಡೂ ಕೈ ಬಟ್ಟೆಯ ಮೇಲಿದ್ದವು, ಸೂಜಿ ತುಟಿಗಳ ನಡುವೆ ಇತ್ತು. ಒಮ್ಮೆ ನುಂಗಿದ ಮೇಲೂ ಅದೇ ಜಾಗ. ನಾನು ಪ್ಲೇಟು ಕೆಳಗಿಟ್ಟು ಎದುರಿಗೆ ಕೂತೆ. ಅವಳು ನನ್ನನ್ನು ನೋಡಿದಳು, ಮತ್ತೆ ಬಟ್ಟೆಯನ್ನು ನೋಡಿದಳು.

“ಅವ್ವಾ, ಸೂಜಿ ತೆಗೆದು ಹೇಳು. ಆವತ್ತು ಬಾಗಿಲಾಗ ಡಾಕ್ಟರಿಗೆ ನೀ ಹೇಳಿದ್ದೇನು?”